ಕೈಗುಣಕ್ಕೂ ಒಂದು ಅಳತೆಗೋಲು

4.6 ಕಿಲೋ ಮಾಲ್ಟ್. 66 ಡಿಗ್ರಿಯಲ್ಲಿ ಒಂದು ಗಂಟೆ. ಹಾಪ್ಸ್ 30 ಗ್ರಾಂ ಕುದಿ ಹತ್ತುತ್ತಿದ್ದಂತೆ, ಇನ್ನೊಂದು 30 ಗ್ರಾಂ ಕೊನೆಯ ಐದು ನಿಮಿಷಕ್ಕೆ. ಯೀಸ್ಟ್ ಹಾಕಿದಾಗ 19 ಡಿಗ್ರಿ. 1.050ರಿಂದ 1.010. ಒಟ್ಟು 20 ಲೀಟರ್.

ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸಿಗಳು ಒಬ್ಬರಿಗೊಬ್ಬರು ದಾಟಿಸುವ ಟಿಪ್ಪಣಿ ಹೆಚ್ಚುಕಡಿಮೆ ಹೀಗಿರುತ್ತದೆ. ಇದನ್ನು ಹಿಡಿದು ಇಬ್ಬರು ಎರಡು ಮನೆಗಳಲ್ಲಿ ಬಿಯರ್ ಮಾಡಿದರು ಅನ್ನಿ. ಅದೇ ಮಾಲ್ಟ್, ಕಹಿಗೂ ಪರಿಮಳಕ್ಕೂ ಹಾಕುವ ಅದೇ ಹಾಪ್ಸ್ ಹೂವು, ಅದೇ ಯೀಸ್ಟ್ ಪೊಟ್ಟಣ. ಒಬ್ಬರದು ಹಗುರವಾಗಿ, ನಾಲಿಗೆಯ ಮೇಲೆ ಸಿಹಿ ಉಳಿಸದೆ ಮುಗಿಯುತ್ತದೆ. ಇನ್ನೊಬ್ಬರದು ದಪ್ಪ, ಸಿಹಿ, ಜೊತೆಗೆ ಬಾಳೆಹಣ್ಣಿನ ಘಮ. ಇಂಥದ್ದಕ್ಕೆ ಕನ್ನಡದಲ್ಲಿ ಒಂದು ಮಾತಿದೆ: ಕೈಗುಣ. ನನಗೆ ಆ ಮಾತು ಇಷ್ಟ. ಆದರೆ ಆ ಮಾತಿನೊಳಗೆ ಏನೇನು ಅಡಗಿದೆ ಎಂದು ಬಿಡಿಸಿ ನೋಡುವುದು ಇನ್ನೂ ಇಷ್ಟ. ಬಿಯರಿನ ಮಟ್ಟಿಗೆ ಕೈಗುಣದ ಬಹುಪಾಲನ್ನು ಅಳೆಯಲು ಬರುತ್ತದೆ. ಮೇಲಿನ ಟಿಪ್ಪಣಿಯ ಒಂದೊಂದು ಅಂಕಿಯೂ ಅದರ ಒಂದೊಂದು ಚೂರು.

ಮೊದಲು 66 ಡಿಗ್ರಿಯನ್ನೇ ನೋಡೋಣ. ಮಾಲ್ಟ್ ಎಂದರೆ ನೆನೆಸಿ, ಮೊಳಕೆ ಬರಿಸಿ, ಆಮೇಲೆ ಬಿಸಿಗಾಳಿಯಲ್ಲಿ ಒಣಗಿಸಿದ ಬಾರ್ಲಿ. ಮೊಳೆಯುವ ಕಾಳು ತನ್ನೊಳಗಿನ ಪಿಷ್ಟವನ್ನು ಸಕ್ಕರೆಯಾಗಿಸಿ ಸಸಿಗೆ ಉಣಿಸಲೆಂದು ಕಿಣ್ವಗಳನ್ನು ಸಿದ್ಧಮಾಡಿಕೊಳ್ಳುತ್ತದೆ. ಸಸಿ ಬೆಳೆಯುವ ಮೊದಲೇ ಒಣಗಿಸಿಬಿಟ್ಟರೆ ಪಿಷ್ಟವೂ ಉಳಿಯುತ್ತದೆ, ಕಿಣ್ವವೂ ಉಳಿಯುತ್ತದೆ. ಪುಡಿಮಾಡಿ ಬಿಸಿನೀರಿಗೆ ಹಾಕಿದೊಡನೆ ನಿಂತಿದ್ದ ಕೆಲಸ ಮತ್ತೆ ಶುರು. ಈ ಮಿಶ್ರಣಕ್ಕೆ ಮ್ಯಾಶ್ ಎನ್ನುತ್ತಾರೆ. 1833ರಲ್ಲಿ ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ ಮತ್ತು ಜೀನ್-ಫ್ರಾಂಸ್ವಾ ಪೆರ್ಸೋ ಮಾಲ್ಟಿನಿಂದಲೇ ಈ ಶಕ್ತಿಯನ್ನು ಬೇರ್ಪಡಿಸಿ ಅದಕ್ಕೆ ಡಯಾಸ್ಟೇಸ್ ಎಂದು ಹೆಸರಿಟ್ಟರು. ಇಂದು ಕಿಣ್ವಗಳ ಹೆಸರು ಸಾಮಾನ್ಯವಾಗಿ ‘ಏಸ್’ ಎಂದು ಮುಗಿಯುವುದು ಆ ಹೆಸರಿನಿಂದಲೇ.

ಇಲ್ಲಿ ದುಡಿಯುವ ಮುಖ್ಯ ಕಿಣ್ವಗಳು ಎರಡು. ಆಲ್ಫಾ ಅಮೈಲೇಸ್ ಪಿಷ್ಟದ ಉದ್ದನೆಯ ಸರವನ್ನು ಎಲ್ಲಿ ಬೇಕೆಂದರಲ್ಲಿ ನಡುವೆ ಕತ್ತರಿಸುತ್ತದೆ. ಬೀಟಾ ಅಮೈಲೇಸ್ ತುದಿಯಿಂದ ಶುರುಮಾಡಿ ಎರಡೆರಡು ಮಣಿಗಳಂತೆ ಮಾಲ್ಟೋಸ್ ಸಕ್ಕರೆಯನ್ನು ಬಿಡಿಸುತ್ತ ಹೋಗುತ್ತದೆ. ಯೀಸ್ಟಿಗೆ ಬೇಕಿರುವುದು ಈ ಮಾಲ್ಟೋಸ್. ಬೀಟಾಗೆ 60ರಿಂದ 65 ಡಿಗ್ರಿ ಹಿತ, 70ರ ಹತ್ತಿರ ಬಂದರೆ ಅದು ಬೇಗನೆ ಹಾಳಾಗುತ್ತದೆ. ಆಲ್ಫಾ ಇನ್ನೂ ಬಿಸಿಯಲ್ಲೂ ಬಾಳುತ್ತದೆ. ಹಾಗಾಗಿ 63 ಡಿಗ್ರಿಯಲ್ಲಿ ಇಟ್ಟ ಮ್ಯಾಶಿನಲ್ಲಿ ಯೀಸ್ಟ್ ತಿನ್ನಬಲ್ಲ ಸಕ್ಕರೆ ಹೆಚ್ಚು, ಬಿಯರ್ ಒಣ. 69ರಲ್ಲಿ ಇಟ್ಟರೆ ಅರ್ಧಂಬರ್ಧ ಕತ್ತರಿಸಿದ ಡೆಕ್ಸ್‌ಟ್ರಿನ್ ತುಣುಕುಗಳು ಹೆಚ್ಚು; ಯೀಸ್ಟ್ ಅವನ್ನು ಮುಟ್ಟುವುದಿಲ್ಲ, ಬಿಯರ್ ಮೈತುಂಬಿಕೊಂಡಿರುತ್ತದೆ. ಟಿಪ್ಪಣಿಯ 66 ಎಂಬುದು ಈ ಎರಡು ಕಿಣ್ವಗಳ ನಡುವಿನ ಒಂದು ಒಪ್ಪಂದ.

ಆ ಒಪ್ಪಂದ ಎಷ್ಟು ಸೂಕ್ಷ್ಮ ಎಂಬುದು ನನಗೆ ಗೊತ್ತಾದದ್ದು ಒಂದು ಥರ್ಮಾಮೀಟರಿನಿಂದ. ಸತತ ಮೂರು ಬಾರಿ ನನ್ನ ಬಿಯರ್, ಉಳಿದ ಸಕ್ಕರೆಯನ್ನು ಸೂಚಿಸುವ ಸಾಂದ್ರತೆಯ ಅಳತೆಯಲ್ಲಿ, 1.012ಕ್ಕೆ ನಿಲ್ಲಬೇಕಿದ್ದದ್ದು 1.006ಕ್ಕೆ ಇಳಿದು ತೆಳುವಾಯಿತು. ಮಾಲ್ಟ್ ಬದಲಿಸಿದೆ, ಯೀಸ್ಟ್ ಬದಲಿಸಿದೆ. ಕೊನೆಗೆ ಥರ್ಮಾಮೀಟರನ್ನು ಕರಗುತ್ತಿರುವ ಮಂಜುಗಡ್ಡೆಯ ನೀರಿಗೆ ಇಳಿಬಿಟ್ಟಾಗ ಅದು ಸೊನ್ನೆಯ ಬದಲು 3 ಡಿಗ್ರಿ ತೋರಿಸಿತು. ಅಂದರೆ ನಾನು 66 ಎಂದು ಬರೆದಿಟ್ಟ ಮೂರೂ ದಿನ ಪಾತ್ರೆಯೊಳಗೆ ಇದ್ದದ್ದು 63ರ ಆಸುಪಾಸು. ಯಾರಾದರೂ ನನ್ನ ಟಿಪ್ಪಣಿ ನೋಡಿ ಮಾಡಿದ್ದರೆ ಅವರಿಗೆ ಬೇರೆಯೇ ಬಿಯರ್ ಸಿಗುತ್ತಿತ್ತು, ತಪ್ಪು ಯಾರದೆಂದು ಇಬ್ಬರಿಗೂ ತಿಳಿಯುತ್ತಿರಲಿಲ್ಲ. ಆವತ್ತಿನಿಂದ ಅಂಕಿ ಕೊಡುವ ಮುನ್ನ ಅಳತೆಯ ಸಾಧನವನ್ನೇ ಅಳೆಯಬೇಕೆಂದು ಹೊಸಬರಿಗೆ ಹೇಳುತ್ತ ಬಂದಿದ್ದೇನೆ.

ನೀರಿನ ವಿಷಯ ಟಿಪ್ಪಣಿಗಳಲ್ಲಿ ಬಹಳ ಸಲ ಬಿಟ್ಟುಹೋಗುತ್ತದೆ. ಬಿಯರಿನ ತೊಂಬತ್ತು ಪಾಲು ನೀರೇ ಆದ್ದರಿಂದ ಇದು ಸಣ್ಣ ಲೋಪವಲ್ಲ. ಇಂಗ್ಲೆಂಡಿನ ಬರ್ಟನ್ ಊರಿನ ನೀರಿನಲ್ಲಿ ಜಿಪ್ಸಮ್ಮಿನಿಂದ ಬಂದ ಸಲ್ಫೇಟ್ ಹೇರಳ, ಅದು ಹಾಪ್ಸಿನ ಕಹಿಯನ್ನು ಚುರುಕುಗೊಳಿಸುತ್ತದೆ. ಬೊಹೀಮಿಯಾದ ಪಿಲ್ಸೆನ್ ಊರಿನ ನೀರು ತೀರಾ ಮೃದು, ಅಲ್ಲಿ ತಿಳಿಬಣ್ಣದ ನವಿರು ಲಾಗರ್ ಹುಟ್ಟಿತು. ಕಿಣ್ವಗಳು ಚೆನ್ನಾಗಿ ದುಡಿಯಲು ಮ್ಯಾಶಿನ ಆಮ್ಲೀಯತೆ ಪಿಹೆಚ್ 5.2ರಿಂದ 5.6ರೊಳಗೆ ಇರಬೇಕು. ಈ ಪಿಹೆಚ್ ಎಂಬ ಅಳತೆಯೇ ಬಿಯರಿನ ಮನೆಯಿಂದ ಬಂದದ್ದು. 1909ರಲ್ಲಿ ಸೋರೆನ್ ಸೋರೆನ್ಸನ್ ಅದನ್ನು ರೂಪಿಸಿದಾಗ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಕಿಣ್ವಗಳ ಮೇಲೆ ಕೆಲಸ ಮಾಡುತ್ತಿದ್ದರು. ಈಗ ಮಣ್ಣು, ರಕ್ತ, ಸಮುದ್ರ ಎಲ್ಲವನ್ನೂ ಅದೇ ಅಳತೆಯಲ್ಲಿ ಅಳೆಯುತ್ತೇವೆ. ನಲ್ಲಿಯ ನೀರಿನ ಕ್ಲೋರಿನ್ ಬಗ್ಗೆ ಒಂದೇ ಮಾತು: ಅದನ್ನು ಮೊದಲೇ ತೆಗೆಯದಿದ್ದರೆ ಬಿಯರಿಗೆ ಔಷಧಿ ಅಂಗಡಿಯ ವಾಸನೆ ಹತ್ತುತ್ತದೆ, ಆಮೇಲೆ ಅದನ್ನು ಕಳೆಯುವ ಉಪಾಯವಿಲ್ಲ.

ಕಾಳಿನಿಂದ ಬಸಿದ ಸಿಹಿನೀರಿಗೆ ವೋರ್ಟ್ ಎನ್ನುತ್ತಾರೆ. ಅದರಲ್ಲಿ ಎಷ್ಟು ಸಕ್ಕರೆ ಕರಗಿದೆ ಎಂದು ಹೇಳುವುದು ಹೈಡ್ರೋಮೀಟರ್ ಎಂಬ ತೇಲುವ ಗಾಜಿನ ಕಡ್ಡಿ. ಶುದ್ಧ ನೀರಿನಲ್ಲಿ ಅದು 1.000 ತೋರಿಸುತ್ತದೆ, ಸಕ್ಕರೆ ಹೆಚ್ಚಾದಷ್ಟೂ ಮೇಲೆ ತೇಲುತ್ತದೆ. 1.050 ತೋರಿಸಿದರೆ 50 ಅಂಕ ಎನ್ನುವುದು ರೂಢಿ. ಒಂದು ಕಿಲೋ ಸಾಧಾರಣ ಮಾಲ್ಟಿನ ಸತ್ವವೆಲ್ಲ ಒಂದು ಲೀಟರಿಗೆ ಇಳಿದರೆ ಸುಮಾರು 300 ಅಂಕ. 4.6 ಕಿಲೋ ಮಾಲ್ಟ್, 20 ಲೀಟರ್, ಮುಕ್ಕಾಲು ಪಾಲು ಸತ್ವ ಇಳಿದರೆ 1.050ಕ್ಕಿಂತ ತುಸು ಮೇಲೆ. ಕಾಳನ್ನು ದಪ್ಪಗೆ ಒಡೆದು, ಅವಸರದಲ್ಲಿ ಬಸಿದು, ಶೇಕಡಾ 60ರಷ್ಟೇ ಇಳಿಸಿಕೊಂಡವರಿಗೆ 1.041. ರೆಸಿಪಿ ಒಂದೇ, ಆದರೆ ಒಬ್ಬರ ಬಿಯರಿನಲ್ಲಿ ಆಲ್ಕೋಹಾಲ್ ಶೇಕಡಾ 5ರ ಮೇಲೆ, ಇನ್ನೊಬ್ಬರದರಲ್ಲಿ 4ರ ಹತ್ತಿರ. ಲೆಕ್ಕ ಸುಲಭ: ಮೊದಲ ಅಂಕಿಯಿಂದ ಕೊನೆಯ ಅಂಕಿ ಕಳೆದು 131ರಿಂದ ಗುಣಿಸಿದರೆ ಆಯಿತು. ಈ ಕಡ್ಡಿಯೂ ಮೋಸ ಮಾಡಬಲ್ಲದು. ಅದನ್ನು ಸಾಮಾನ್ಯವಾಗಿ 20 ಡಿಗ್ರಿಯ ದ್ರವಕ್ಕೆಂದು ಗುರುತುಮಾಡಿರುತ್ತಾರೆ. 60 ಡಿಗ್ರಿಯ ವೋರ್ಟಿನಲ್ಲಿ ತೇಲಿಸಿದರೆ ಸುಮಾರು 15 ಅಂಕ ಕಡಿಮೆ ತೋರಿಸುತ್ತದೆ. ಎಷ್ಟೋ ನಿರಾಶೆಗಳ ಮೂಲ ಇಷ್ಟೇ.

ಹಾಪ್ಸ್ ಸಾಲಿನಲ್ಲಿ ‘30 ಗ್ರಾಂ’ ಎಂದಷ್ಟೇ ಬರೆದರೆ ಅದು ಅರ್ಧ ಸುದ್ದಿ. ಹಾಪ್ಸ್ ಹೂವಿನ ಆಲ್ಫಾ ಆಮ್ಲಗಳು ಕುದಿಯುವಾಗ ರೂಪ ಬದಲಿಸಿ ಐಸೋ-ಆಲ್ಫಾ ಆಮ್ಲಗಳಾಗುತ್ತವೆ, ಕಹಿ ಬರುವುದು ಆಗ. ಒಂದು ತಳಿಯಲ್ಲಿ ಆಲ್ಫಾ ಶೇಕಡಾ 6 ಇದ್ದರೆ ಇನ್ನೊಂದರಲ್ಲಿ 12. ಒಂದು ಗಂಟೆ ಕುದಿಸಿದರೂ ಅದರಲ್ಲಿ ಬಿಯರಿಗೆ ದಕ್ಕುವುದು ಸುಮಾರು ಕಾಲುಭಾಗ. 30 ಗ್ರಾಮಿನಿಂದ ಮೊದಲನೆಯದು ಲೀಟರಿಗೆ 20 ಮಿಲಿಗ್ರಾಂ ಚಿಲ್ಲರೆ ಕಹಿ ಕೊಟ್ಟರೆ ಎರಡನೆಯದು 40ರ ಮೇಲೆ. ಕೊನೆಯ ಐದು ನಿಮಿಷಕ್ಕೆ ಹಾಕುವ ಹಾಪ್ಸ್ ಕಹಿಗಲ್ಲ, ಪರಿಮಳಕ್ಕೆ. ಗಂಟೆಗಟ್ಟಲೆ ಕುದಿಸಿದರೆ ಹಾರಿಹೋಗುವ ಎಣ್ಣೆಗಳು ಅದರಲ್ಲಿ ಉಳಿದಿರುತ್ತವೆ.

ಇಷ್ಟೆಲ್ಲ ಒಂದು ದಿನದ ಕೆಲಸ. ನಿಜವಾದ ಬಿಯರ್ ತಯಾರಕ ಆ ದಿನದ ಸಂಜೆ ಕೆಲಸಕ್ಕೆ ಇಳಿಯುವ ಯೀಸ್ಟ್. 1516ರ ಬವೇರಿಯಾದ ಪ್ರಸಿದ್ಧ ಕಟ್ಟಳೆ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಇಷ್ಟೇ ಸಾಕೆಂದಿತು. ಯೀಸ್ಟಿನ ಹೆಸರಿರಲಿಲ್ಲ. ನೊರೆಯನ್ನೋ ತಳದ ಗಸಿಯನ್ನೋ ಮುಂದಿನ ಪಾತ್ರೆಗೆ ಹಾಕುತ್ತಿದ್ದರೇ ಹೊರತು ಅದೊಂದು ಜೀವಿ ಎಂದು ಯಾರಿಗೂ ತಿಳಿದಿರಲಿಲ್ಲ. 1876ರಲ್ಲಿ ಲೂಯಿ ಪಾಶ್ಚರ್ ಬಿಯರಿನ ಕುರಿತ ತಮ್ಮ ಅಧ್ಯಯನ ಪ್ರಕಟಿಸಿ, ಬಿಯರ್ ಕೆಡುವುದು ಪರಕೀಯ ಸೂಕ್ಷ್ಮಜೀವಿಗಳಿಂದ ಎಂದು ತೋರಿಸಿದರು. ಕಾರ್ಲ್ಸ್‌ಬರ್ಗಿನ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಯೀಸ್ಟಿನಲ್ಲೇ ಒಳ್ಳೆಯದೂ ಕೆಟ್ಟದ್ದೂ ಬೆರೆತಿರುತ್ತದೆ ಎಂದು ಕಂಡುಕೊಂಡು, 1883ರಲ್ಲಿ ಒಂದೇ ಒಂದು ಕೋಶದಿಂದ ಶುದ್ಧ ಸಂತತಿ ಬೆಳೆಸಿದರು. ಕಂಪನಿಯ ಒಡೆಯ ಯಾಕೋಬ್‌ಸನ್ ಅದನ್ನು ಗುಟ್ಟಾಗಿ ಇಟ್ಟುಕೊಳ್ಳದೆ ಕೇಳಿದ ಬೇರೆ ಬ್ರೂವರಿಗಳಿಗೂ ಕೊಟ್ಟರು. ಈ ಹವ್ಯಾಸದ ಕೊಡುಕೊಳ್ಳುವಿಕೆಗೆ ಇದಕ್ಕಿಂತ ದೊಡ್ಡ ಹಿರಿಯರು ನನಗೆ ಕಾಣುವುದಿಲ್ಲ.

20 ಲೀಟರಿನ ಈ ಬಿಯರಿಗೆ ಬೇಕಾದ ಯೀಸ್ಟ್ ಕೋಶಗಳ ಸಂಖ್ಯೆ ಸುಮಾರು 18,000 ಕೋಟಿ. ಕಡಿಮೆ ಹಾಕಿದರೆ ಇದ್ದಷ್ಟು ಕೋಶಗಳು ಹಲವು ಸುತ್ತು ಹೆಚ್ಚಿಕೊಳ್ಳಬೇಕಾಗುತ್ತದೆ, ಆ ಧಾವಂತದಲ್ಲಿ ಹೊಮ್ಮುವ ಪರಿಮಳಗಳು ಬೇರೆಯಾಗುತ್ತವೆ. ಹೆಚ್ಚಿಕೊಳ್ಳಲು ಅವಕ್ಕೆ ಆಮ್ಲಜನಕ ಬೇಕು, ಕೋಶದ ಪೊರೆ ಕಟ್ಟುವ ಸ್ಟೆರಾಲ್‌ಗಳಿಗಾಗಿ. ಅದಕ್ಕೇ ತಣ್ಣಗಾದ ವೋರ್ಟನ್ನು ಮೊದಲು ಚೆನ್ನಾಗಿ ಕುಲುಕುತ್ತಾರೆ. ಅದೇ ಆಮ್ಲಜನಕ ಹುದುಗಿದ ಮೇಲೆ ಸೇರಿದರೆ ಬಿಯರ್ ರಟ್ಟಿನ ರುಚಿಗೆ ತಿರುಗುತ್ತದೆ.

ಇನ್ನು ‘19 ಡಿಗ್ರಿ’. ಅದು ಯೀಸ್ಟ್ ಹಾಕಿದ ಗಳಿಗೆಯ ಅಂಕಿ. ಹುದುಗುವಾಗ ಸಕ್ಕರೆ ಒಡೆದು ಬಿಸಿ ಹುಟ್ಟುತ್ತದೆ. ರಭಸದ ದಿನಗಳಲ್ಲಿ ಪಾತ್ರೆಯೊಳಗಿನ ಬಿಸಿ ಕೋಣೆಗಿಂತ ಕೆಲವು ಡಿಗ್ರಿ ಮೇಲಿರುತ್ತದೆ. ಕೋಣೆಯೇ 24 ಇದ್ದರೆ ಯೀಸ್ಟ್ 27-28ರಲ್ಲಿ ದುಡಿಯುತ್ತಿರುತ್ತದೆ, ಐಸೋಅಮೈಲ್ ಅಸಿಟೇಟ್ ಎಂಬ ಎಸ್ಟರನ್ನು ಧಾರಾಳವಾಗಿ ಸುರಿಸುತ್ತದೆ. ಬಾಳೆಹಣ್ಣಿನ ವಾಸನೆ ಅದರದೇ. ಆ ಎರಡನೆಯ ಮನೆಯ ಬಿಯರಿನ ಘಮಕ್ಕೆ ಉತ್ತರ ಸಿಕ್ಕಿತು. ಅದು ಸಿಹಿಯಾಗಿ, ದಪ್ಪವಾಗಿ ಉಳಿದದ್ದಕ್ಕೆ ಕಾರಣ ಬಹುಶಃ ಇನ್ನೊಂದು ಥರ್ಮಾಮೀಟರ್, ಈ ಸಲ ಕಡಿಮೆ ತೋರಿಸುವಂಥದ್ದು.

ಫಲಿತಾಂಶ ಹೇಳಿಕೊಳ್ಳುವಾಗ ಬರುವ ರುಚಿಯ ಮಾತುಗಳಿಗೂ ಹೀಗೆ ರಾಸಾಯನಿಕ ವಿಳಾಸಗಳಿವೆ. ಹಸಿರು ಸೇಬಿನ ವಾಸನೆ ಎಂದರೆ ಅಸಿಟಾಲ್ಡಿಹೈಡ್, ಹೆಚ್ಚಿನ ಸಲ ಅವಸರದ ಗುರುತು. ಬೇಯಿಸಿದ ಜೋಳದ ವಾಸನೆ ಡೈಮೀಥೈಲ್ ಸಲ್ಫೈಡಿನದು, ಪಾತ್ರೆಗೆ ಮುಚ್ಚಳ ಹಾಕಿ ಕುದಿಸಿದವರನ್ನು ಕಾಡುತ್ತದೆ. ಬೆಣ್ಣೆಯ ವಾಸನೆ ಡೈಅಸಿಟೈಲ್, ಇದು ಹೆಚ್ಚು ಕುತೂಹಲದ್ದು. ಯೀಸ್ಟ್ ಹೊರಗೆ ಬಿಡುವುದು ಇದನ್ನಲ್ಲ, ವಾಸನೆಯಿಲ್ಲದ ಇದರ ಪೂರ್ವರೂಪವನ್ನು. ಅದು ನಿಧಾನವಾಗಿ ಡೈಅಸಿಟೈಲ್ ಆಗುತ್ತದೆ, ಕಾಲಾವಕಾಶ ಕೊಟ್ಟರೆ ಯೀಸ್ಟೇ ಅದನ್ನು ಮತ್ತೆ ಹೀರಿಕೊಳ್ಳುತ್ತದೆ. ಹೀಗಾಗಿ ಇಂದು ಶುಚಿಯಾಗಿ ಕಂಡ ಬಿಯರ್ ಬಾಟಲಿಯಲ್ಲಿ ವಾರ ಕಳೆದ ಮೇಲೆ ಬೆಣ್ಣೆಯಾಗಬಹುದು. ಪತ್ತೆಗೆ ಒಂದು ಸೊಗಸಾದ ಪರೀಕ್ಷೆಯಿದೆ: ಸ್ವಲ್ಪ ಬಿಯರನ್ನು ಮುಚ್ಚಿದ ಲೋಟದಲ್ಲಿ 60 ಡಿಗ್ರಿಗೆ ಇಪ್ಪತ್ತು ನಿಮಿಷ ಬಿಸಿಮಾಡಿ, ತಣಿಸಿ, ಮೂಸಿ ನೋಡಿ. ಬೆಣ್ಣೆ ಬಂದರೆ ಯೀಸ್ಟಿಗೆ ಇನ್ನೆರಡು ದಿನ ಬೇಕು.

ಬಾಟಲಿಯ ವಿಷಯದಲ್ಲಿ ಮಾತ್ರ ರುಚಿಯ ಮಾತಲ್ಲ, ಅಪಾಯದ ಮಾತು. ಗುಳ್ಳೆಗಾಗಿ ತುಂಬುವಾಗ ಲೀಟರಿಗೆ 6 ಗ್ರಾಂ ಸಕ್ಕರೆ ಹಾಕುವುದು ವಾಡಿಕೆ. ಹುದುಗು ಪೂರ್ತಿ ಮುಗಿಯದೆ, ಇನ್ನೂ 4 ಅಂಕ ಇಳಿಯಬೇಕಿದ್ದಾಗಲೇ ತುಂಬಿದರೆ ಲೀಟರಿಗೆ 8ರಿಂದ 10 ಗ್ರಾಂ ಸಕ್ಕರೆ ಒಳಗೇ ಉಳಿದಂತೆ. ಒತ್ತಡ ದುಪ್ಪಟ್ಟು ಮೀರುತ್ತದೆ, ಗಾಜು ಸಿಡಿಯುತ್ತದೆ. ಡೆಕ್ಸ್‌ಟ್ರಿನ್ನನ್ನೂ ತಿನ್ನಬಲ್ಲ ಡಯಾಸ್ಟಾಟಿಕಸ್ ಎಂಬ ಯೀಸ್ಟ್ ಬಗೆ ನುಸುಳಿಕೊಂಡರೂ ಇದೇ ಗತಿ. ಎರಡು-ಮೂರು ದಿನ ಬಿಟ್ಟು ಅಳೆದರೂ ಅಂಕಿ ಕದಲದಿದ್ದರೆ ಮಾತ್ರ ತುಂಬಿ. ಈ ಒಂದು ಸಾಲನ್ನು ಬಿಟ್ಟು ಯಾರೂ ರೆಸಿಪಿ ಹಂಚಬಾರದು.

ಇಷ್ಟು ಅಳೆದ ಮೇಲೂ ಒಂದು ಸಾಧನ ಉಳಿಯುತ್ತದೆ: ನಾಲಿಗೆ. ‘ಈ ಸಲ 68 ಡಿಗ್ರಿಯಲ್ಲಿ ಮಾಡಿದೆ, ಎಷ್ಟು ಚೆನ್ನಾಗಿದೆ!’ ಎನ್ನುವವರಿಗೆ ತಾವು ಏನು ಬದಲಿಸಿದೆವು ಎಂಬುದು ಮೊದಲೇ ಗೊತ್ತು. ಗೊತ್ತಿದ್ದ ನಾಲಿಗೆ ತಾನು ನಿರೀಕ್ಷಿಸಿದ್ದನ್ನೇ ಸವಿಯುತ್ತದೆ. ಜೊತೆಗೆ, ಮಾಡಿದ್ದು ಒಂದೇ ಸಲ. ಸಣ್ಣ ಸಂಖ್ಯೆಯ ಪ್ರಯೋಗಗಳಿಂದ ಎಷ್ಟು ನಂಬಬಹುದು ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರೂ ಬಿಯರಿನವರೇ. 1899ರಲ್ಲಿ ಡಬ್ಲಿನ್ನಿನ ಗಿನ್ನೆಸ್ ಬ್ರೂವರಿ ಸೇರಿದ ವಿಲಿಯಂ ಸೀಲಿ ಗಾಸೆಟ್ ಕೆಲವೇ ಮಾದರಿಗಳಿಂದ ತೀರ್ಮಾನಕ್ಕೆ ಬರುವ ಗಣಿತ ಕಟ್ಟಿದರು. ಕಂಪನಿ ತನ್ನ ಸಿಬ್ಬಂದಿಯ ಹೆಸರಲ್ಲಿ ಪ್ರಕಟಣೆ ಒಪ್ಪದ ಕಾರಣ 1908ರಲ್ಲಿ ಅದು ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಅಚ್ಚಾಯಿತು. ಇವತ್ತಿಗೂ ಔಷಧ ಪರೀಕ್ಷಿಸುವವರು ಸ್ಟೂಡೆಂಟನ ಟಿ-ಪರೀಕ್ಷೆ ಬಳಸುತ್ತಾರೆ.

ಮನೆಯಲ್ಲಿ ಅಷ್ಟು ಗಣಿತ ಬೇಡ, ಮೂರು ಲೋಟ ಸಾಕು. ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬದಲಿಸಿದ್ದು. ಬೇರೆಯಾಗಿರುವುದು ಯಾವುದೆಂದು ಏನೂ ತಿಳಿಯದ ಗೆಳೆಯರು ಹೇಳಬೇಕು. ಸುಮ್ಮನೆ ಬೆರಳು ತೋರಿಸಿದರೂ ಮೂರರಲ್ಲೊಬ್ಬರು ಸರಿಯಾಗುತ್ತಾರೆ. ಆದ್ದರಿಂದ ಹತ್ತು ಜನರಲ್ಲಿ ಕನಿಷ್ಠ ಏಳು ಮಂದಿ ಸರಿ ಹೇಳಿದರೆ ಮಾತ್ರ ವ್ಯತ್ಯಾಸ ನಿಜವೆಂದು ನಂಬಬಹುದು. ಅದೃಷ್ಟವೊಂದರಿಂದಲೇ ಅಷ್ಟು ಬರುವ ಸಾಧ್ಯತೆ ನೂರಕ್ಕೆ ಎರಡು. ಥರ್ಮಾಮೀಟರ್ ಬದಲಿಸಿದ ಮೇಲೆ ನಾನು 63 ಮತ್ತು 68 ಡಿಗ್ರಿಯ ಎರಡು ಬಿಯರ್ ಒಂದೇ ದಿನ ಮಾಡಿ, ಹತ್ತು ಜನರ ಮುಂದೆ ಮೂರು ಮೂರು ಲೋಟ ಇಟ್ಟೆ. ಆ ದಿನದ ಪುಟದಲ್ಲಿ ಕೊನೆಯ ಸಾಲು ಹೀಗಿದೆ: ‘ಸರಿ ಹೇಳಿದವರು ಐವರು. ಮತ್ತೊಮ್ಮೆ ಮಾಡಬೇಕು.’