ಹಳೇ ಕಾರಿನ ಅಂಡರ್‌ಕೋಟಿಂಗ್ ಕೀಳೋಕೆ ಬಿಸಿ ಬೇಕಾ, ಚಳಿ ಬೇಕಾ?

ಹಳೇ ಕಾರು ರಿಸ್ಟೋರ್ ಮಾಡೋಕೆ ಇಳಿದೋರು ಎಂಜಿನ್ ಬಗ್ಗೆ, ಪೇಂಟ್ ಬಗ್ಗೆ ಗಂಟೆಗಟ್ಲೆ ಮಾತಾಡ್ತಾರೆ, ಆದ್ರೆ ತುಕ್ಕು ತಡೆಯೋಕೆ ಅಂತ ಕಾರಿನ ಹೊಟ್ಟೆಗೆ ಮೆತ್ತಿರೋ ಆ ಕಪ್ಪು ಪದರದ, ಅಂದ್ರೆ ಅಂಡರ್‌ಕೋಟಿಂಗ್‌ನ ವಿಷ್ಯ ಬಂದ್ರೆ ಮುಖ ಸಿಂಡರಿಸ್ತಾರೆ. ಅದಕ್ಕೆ ಕಾರಣಾನೂ ಇದೆ, ಕೆರೆದ್ರೆ ಬರಲ್ಲ, ಗ್ರೈಂಡರ್‌ಗೆ ವೈರ್ ವೀಲ್ ಹಾಕಿ ಹಿಡಿದ್ರೆ ಉಜ್ಜಿದ ಬಿಸಿಗೇ ಕರಗಿ ಪಕ್ಕಕ್ಕೆ ಮೆತ್ಕೊಳುತ್ತೆ, ಉಳಿದಿದ್ದು ಮುಖಕ್ಕೆ ಹಾರುತ್ತೆ. ನನ್ನ ಪ್ರಕಾರ ಇದು ತೋಳಿನ ಶಕ್ತಿಗಿಂತ ಟೆಂಪರೇಚರ್‌ನ ಕೆಲ್ಸ.

ಹಳೇ ಕಾರುಗಳಲ್ಲಿ ಈ ಪದರ ಹೆಚ್ಚಾಗಿ ಬಿಟುಮೆನ್, ಅಂದ್ರೆ ರೋಡಿಗೆ ಹಾಕೋ ಡಾಂಬರಿನ ಜಾತಿದೇ. ಇದು ಪೂರ್ತಿ ಘನಾನೂ ಅಲ್ಲ, ಪೂರ್ತಿ ದ್ರವಾನೂ ಅಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಯೂನಿವರ್ಸಿಟಿಲಿ 1927ರಲ್ಲಿ ಥಾಮಸ್ ಪಾರ್ನೆಲ್ ಅನ್ನೋ ಪ್ರೊಫೆಸರ್ ಇದೇ ಥರದ ಪಿಚ್ ಅನ್ನ ಒಂದು ಗಾಜಿನ ಫನಲ್‌ಗೆ ಹಾಕಿಟ್ರು, 2014ರ ಹೊತ್ತಿಗೆ ಅದರಿಂದ ಬಿದ್ದಿದ್ದು ಬರೀ ಒಂಬತ್ತು ಹನಿ! ಅದೇ ಪಿಚ್‌ಗೆ ಸುತ್ತಿಗೇಲಿ ಹೊಡೆದ್ರೆ ಗಾಜಿನ ಥರ ಚೂರಾಗುತ್ತೆ. ನಿಧಾನಕ್ಕೆ ಒತ್ತಿದ್ರೆ ಹರಿಯುತ್ತೆ, ಪಟ್ ಅಂತ ಹೊಡೆದ್ರೆ ಒಡೆಯುತ್ತೆ, ಬಿಸಿಯಾದಷ್ಟೂ ಹರಿಯೋ ಬುದ್ಧಿ ಜಾಸ್ತಿ, ತಣ್ಣಗಾದಷ್ಟೂ ಒಡೆಯೋ ಬುದ್ಧಿ ಜಾಸ್ತಿ. ನಾವು ಒದ್ದಾಡೋದು ಇವೆರಡರ ಮಧ್ಯೆ, ಅದು ಚೂಯಿಂಗ್ ಗಮ್ ಥರ ಇರೋ ಟೆಂಪರೇಚರ್‌ನಲ್ಲಿ.

ಹಂಗಾಗಿ ಯಾವ್ದಾದ್ರೂ ಒಂದು ಪಕ್ಷ ಹಿಡೀಬೇಕು. ಕಾರಿನ ಒಳಗಡೆ ಫ್ಲೋರ್ ಮೇಲೆ ಅಂಟಿಸಿರೋ ಸೌಂಡ್ ತಡೆಯೋ ಬಿಟುಮೆನ್ ಶೀಟ್‌ಗಳಿಗೆ ಡ್ರೈ ಐಸ್, ಅಂದ್ರೆ ಗಟ್ಟಿಯಾಗಿಸಿದ ಕಾರ್ಬನ್ ಡೈಆಕ್ಸೈಡ್, ಬೆಸ್ಟು. ಅದರ ಟೆಂಪರೇಚರ್ ಮೈನಸ್ 78.5 ಡಿಗ್ರಿ. ತುಂಡುಗಳನ್ನ ಹರಡಿ ಸ್ವಲ್ಪ ಹೊತ್ತು ಬಿಟ್ರೆ ಪಟಪಟ ಸದ್ದು ಕೇಳೋಕೆ ಶುರುವಾಗುತ್ತೆ. ಯಾಕಂದ್ರೆ ತಣ್ಣಗಾದಾಗ ಬಿಟುಮೆನ್ ಸ್ಟೀಲ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಕುಗ್ಗೋಕೆ ನೋಡುತ್ತೆ, ಕೆಳಗಿರೋ ಸ್ಟೀಲ್ ಬಿಡಲ್ಲ, ಎಳೆದಾಟ ಜಾಸ್ತಿಯಾಗಿ ಬಿರುಕು ಬಿಡುತ್ತೆ, ಆಮೇಲೆ ಸುತ್ತಿಗೇಲಿ ಮೆಲ್ಲಗೆ ತಟ್ಟಿದ್ರೆ ಚಕ್ಕೆಚಕ್ಕೆಯಾಗಿ ಎದ್ದು ಬರುತ್ತೆ. ಗ್ಲೌಸ್ ಹಾಕ್ಲೇಬೇಕು, ಬಾಗಿಲು ಕಿಟಕಿ ತೆಗೆದಿರ್ಬೇಕು, ಅದು ಆವಿಯಾಗಿ ಬರೋದು ಕಾರ್ಬನ್ ಡೈಆಕ್ಸೈಡ್, ಗಾಳಿಗಿಂತ ಭಾರ, ತಗ್ಗಲ್ಲಿ ತುಂಬ್ಕೊಂಡು ಉಸಿರು ಕಟ್ಟಿಸುತ್ತೆ.

ಕಾರಿನ ತಳದಲ್ಲಿ ಐಸ್ ನಿಲ್ಲಲ್ವಲ್ಲ, ಅಲ್ಲಿ ಬಿಸಿ ಗಾಳಿ ಊದೋ ಹೀಟ್ ಗನ್. ಹೊಗೆ ಬರೋಷ್ಟು ಕಾಯಿಸ್ಬಾರ್ದು, ಮೆತ್ತಗಾದ್ರೆ ಸಾಕು, ಒಂದು ಕೈಲಿ ಗನ್, ಇನ್ನೊಂದ್ರಲ್ಲಿ ಸ್ಕ್ರೇಪರ್, ಹಿಂದಿಂದೆ ಹೋಗ್ತಾ ಇರ್ಬೇಕು. ಪೆಟ್ರೋಲ್ ಟ್ಯಾಂಕು, ಫ್ಯೂಯಲ್ ಲೈನು ಮೊದ್ಲೇ ಬಿಚ್ಚಿಟ್ಟಿರ್ಬೇಕು ಅಂತ ಬೇರೆ ಹೇಳ್ಬೇಕಾಗಿಲ್ಲ. ಕೊನೇಲಿ ಉಳಿಯೋ ತೆಳು ಕಪ್ಪು ಕಲೆಗೆ, ಲೋಹ ಪೂರ್ತಿ ತಣ್ಣಗಾದ್ಮೇಲೆ, ಸೀಮೆಎಣ್ಣೆ ಹಾಕಿ ಒರೆಸಿದ್ರೆ ಹೋಗುತ್ತೆ, ಎರಡೂ ಹೈಡ್ರೋಕಾರ್ಬನ್ ಅಲ್ವಾ, ಒಂದ್ರಲ್ಲಿ ಒಂದು ಕರಗುತ್ತೆ. ಹೋಗ್ಲಿಲ್ಲ ಅಂದ್ರೆ ಅದು ಪಿವಿಸಿ ಪ್ಲಾಸ್ಟಿಕ್ ಇರ್ಬಹುದು, ಆಮೇಲಿನ ಕಾಲದ ಕಾರುಗಳಲ್ಲಿ ಅದೇ ಜಾಸ್ತಿ. ಅದನ್ನ ಸುಟ್ರೆ ಹೈಡ್ರೋಜನ್ ಕ್ಲೋರೈಡ್ ಗ್ಯಾಸ್ ಬರುತ್ತೆ, ಶ್ವಾಸಕೋಶಕ್ಕೂ ಕೆಟ್ಟದ್ದು, ಬರೀ ಸ್ಟೀಲ್‌ಗೂ ಕೆಟ್ಟದ್ದು.

ಇನ್ನೊಂದು ಗಂಭೀರ ವಿಷ್ಯ. ಕೆಲವು ಹಳೇ ಅಂಡರ್‌ಕೋಟಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ನಾರು ಸೇರಿಸ್ತಿದ್ರು, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಲ್ಯಾಬ್‌ನಲ್ಲಿ ಟೆಸ್ಟ್ ಮಾಡಿಸದೆ ಒಣ ಒಣದಾಗಿ ಗ್ರೈಂಡ್ ಮಾಡೋದು, ಡ್ರೈ ಐಸಲ್ಲಿ ಚೂರು ಮಾಡೋದು ಎರಡೂ ಬೇಡ.

ಅಷ್ಟಕ್ಕೂ ಎಲ್ಲಾ ಕೀಳ್ಲೇಬೇಕಾ? ಇಲ್ಲ. ಗಟ್ಟಿಯಾಗಿ ಕಚ್ಕೊಂಡಿರೋದನ್ನ ಬಿಟ್ಬಿಡಿ ಅಂತೀನಿ ನಾನು, ಕೀಳ್ಬೇಕಾಗಿರೋದು ಸೀಳು ಬಿಟ್ಟಿದ್ದನ್ನ. ವರ್ಷಗಟ್ಲೆ ಆಕ್ಸಿಜನ್ ತಾಗಿ ಬಿಟುಮೆನ್ ಒಣಗಿ ಸೀಳಿದಾಗ ಆ ಸೀಳಲ್ಲಿ ನೀರು ಒಳಗೆ ಹೋಗುತ್ತೆ, ಬೇಗ ಆರಲ್ಲ. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು, ಅದು ಪದರಾನ ಮೇಲಕ್ಕೆ ಎತ್ತುತ್ತೆ, ಎತ್ತಿದ ಜಾಗಕ್ಕೆ ಇನ್ನಷ್ಟು ನೀರು. ಮೇಲ್ನೋಟಕ್ಕೆ ಕಪ್ಪಗೆ ನೀಟಾಗೇ ಕಾಣುತ್ತೆ. ಸ್ಕ್ರೂಡ್ರೈವರ್‌ನ ಹಿಡಿಕೆಯಿಂದ ತಟ್ತಾ ಹೋಗಿ, ಪೊಳ್ಳು ಸದ್ದು ಬಂದ ಕಡೆ ತುದಿ ಒತ್ತಿ ನೋಡಿ, ಕೆಲವು ಕಡೆ ಸೀದಾ ಒಳಗೇ ಹೋಗುತ್ತೆ.

ಲೋಹ ಬರಿದಾದ್ಮೇಲೆ ನಾಳೆ ನೋಡೋಣ ಅನ್ನೋ ಹಂಗಿಲ್ಲ, ತೇವ ಇರೋ ಗಾಳೀಲಿ ಕೆಲವೇ ಗಂಟೇಲಿ ಕಂದು ಛಾಯೆ ಬಂದ್ಬಿಡುತ್ತೆ, ಬೆರಳ ಬೆವರಿನ ಉಪ್ಪು ತಾಗಿದ ಕಡೆ ಇನ್ನೂ ಬೇಗ. ಅವತ್ತೇ ಎಪಾಕ್ಸಿ ಪ್ರೈಮರ್, ಅಂದ್ರೆ ಲೋಹಕ್ಕೆ ಗಟ್ಟಿಯಾಗಿ ಹಿಡಿಯೋ ಮೊದಲ ಕೋಟ್, ಹೊಡೀಬೇಕು. ಎರಡು ಶೀಟ್ ಸೇರೋ ಸಂದಿಲಿ ಸೀಮೆಎಣ್ಣೆ ಉಳಿದಿದ್ರೆ ಪ್ರೈಮರ್ ಅಲ್ಲಿ ಹಿಡಿಯಲ್ಲ, ಅದಕ್ಕೇ ಪ್ರೈಮರ್‌ಗೆ ಮುಂಚೆ ಸೀಮೆಎಣ್ಣೆ ತಾಗಿದ ಕಡೆಯೆಲ್ಲಾ, ಆ ಸಂದಿಗಳನ್ನಂತೂ ತಪ್ಪದೇ, ಗ್ರೀಸ್ ತೆಗೆಯೋ ಸಾಲ್ವೆಂಟ್‌ನಲ್ಲಿ ಇನ್ನೊಂದ್ಸಲ ಒರೆಸಿ, ಗಾಳಿ ಹೊಡೆದು ಒಣಗಿಸಿ.