ಚಾರ್ಲ್ಸ್ ಬ್ರಾನ್ಸನ್: ಐವತ್ತಕ್ಕೆ ಗೆದ್ದ ಮುಖ

1963ರ ಹಾಲಿವುಡ್ ಚಿತ್ರ ‘ದಿ ಗ್ರೇಟ್ ಎಸ್ಕೇಪ್’ನಲ್ಲಿ ಡ್ಯಾನಿ ಎಂಬ ಯುದ್ಧಕೈದಿ ಬರುತ್ತಾನೆ; ಆ ಪಾತ್ರ ಅಮೆರಿಕದ ನಟ ಚಾರ್ಲ್ಸ್ ಬ್ರಾನ್ಸನ್ ಅವರದು. ಜರ್ಮನ್ನರ ಶಿಬಿರದಿಂದ ಪಾರಾಗಲು ಸುರಂಗ ತೋಡುವವರಲ್ಲಿ ಅವನೇ ಮುಂದಾಳು. ಆದರೆ ಎಲ್ಲರೂ ಹೊರಡುವ ಹೊತ್ತಿಗೆ ಅವನು ಕುಸಿದುಬಿಡುತ್ತಾನೆ; ಇಕ್ಕಟ್ಟಾದ ಜಾಗವೆಂದರೆ ಚಿಕ್ಕಂದಿನಿಂದಲೂ ಜೀವಭಯ. ಉಕ್ಕಿನಂಥ ತೋಳು, ಮೈತುಂಬ ಮಣ್ಣು, ಕಣ್ಣಲ್ಲಿ ಮಾತ್ರ ಕತ್ತಲಿಗೆ ಹೆದರಿದ ಮಗು. ಬ್ರಾನ್ಸನ್ ಎಂದರೆ ಪಿಸ್ತೂಲು ಹಿಡಿದ ಕಲ್ಲುಮುಖ ಎಂದಷ್ಟೇ ತಿಳಿದವರು ಮೊದಲು ಇದನ್ನು ನೋಡಬೇಕು.

ಏಕೆಂದರೆ ಆ ಕತ್ತಲು ಅವರು ಕಂಡುಂಡಿದ್ದು. 1921ರ ನವೆಂಬರ್ 3ರಂದು ಅಮೆರಿಕದ ಪೆನ್ಸಿಲ್ವೇನಿಯಾದ ಎಹ್ರೆನ್‌ಫೆಲ್ಡ್ ಎಂಬ ಗಣಿ ಊರಿನಲ್ಲಿ ಹುಟ್ಟಿದರು. ಹೆಸರು ಚಾರ್ಲ್ಸ್ ಬುಚಿನ್‌ಸ್ಕಿ. ಲಿಥುವೇನಿಯಾ ಮೂಲದ ವಲಸೆ ಕುಟುಂಬ. ಹದಿನೈದು ಮಕ್ಕಳಲ್ಲಿ ಹನ್ನೊಂದನೆಯವರು. ಹತ್ತು ವರ್ಷಕ್ಕೆ ತಂದೆ ತೀರಿಕೊಂಡರು. ಹರೆಯದಲ್ಲೇ ಗಣಿಗಿಳಿದರು. ಒಂದು ಟನ್ ಕಲ್ಲಿದ್ದಲು ಅಗೆದರೆ ಕೂಲಿ ಒಂದು ಡಾಲರ್. ಮುಂದೆ ತೆರೆಯ ಮೇಲೆ ಜನ ಮೆಚ್ಚಿದ ಆ ಮೈಕಟ್ಟು ವ್ಯಾಯಾಮಶಾಲೆಯಲ್ಲಿ ಬೆಳೆದದ್ದಲ್ಲ.

ಗಣಿಯಿಂದ ಅವರನ್ನು ಹೊರಗೆಳೆದದ್ದು ಯುದ್ಧ. 1943ರಲ್ಲಿ ಸೇನೆಯ ವಾಯುಪಡೆ ಸೇರಿ, ಬಿ-29 ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಗುವಾಮ್ ದ್ವೀಪದಿಂದ ಹಾರಿದರು, ಗಾಯಗೊಂಡರು. ಯುದ್ಧ ಮುಗಿದ ಮೇಲೆ ಮಾಜಿ ಸೈನಿಕರಿಗೆ ಸರ್ಕಾರ ಕೊಡುತ್ತಿದ್ದ ಶಿಕ್ಷಣದ ನೆರವಿನಲ್ಲಿ ಕಲೆ ಕಲಿತು, ರಂಗಭೂಮಿಗೆ ಬಂದು, 1951ರಲ್ಲಿ ಚಿತ್ರರಂಗಕ್ಕೆ ಕಾಲಿಟ್ಟರು. ಕಮ್ಯುನಿಸ್ಟರೆಂದು ಶಂಕಿಸಿ ಜನರನ್ನು ಬೇಟೆಯಾಡುತ್ತಿದ್ದ ಕಾಲ ಅದು. ಬುಚಿನ್‌ಸ್ಕಿ ಎಂಬ ಪೂರ್ವ ಯುರೋಪಿನ ಹೆಸರು ಅವಕಾಶಕ್ಕೆ ಅಡ್ಡಬಂದೀತೆಂದು 1954ರ ಹೊತ್ತಿಗೆ ಬ್ರಾನ್ಸನ್ ಆದರು.

ಹೆಸರು ಬದಲಾಯಿತು, ಮುಖ ಬದಲಾಗಲಿಲ್ಲ. ಸುಕ್ಕುಗಟ್ಟಿದ ಕೆನ್ನೆ, ಸಣ್ಣ ಕಣ್ಣು: ಹಾಲಿವುಡ್ಡಿಗೆ ಇದು ನಾಯಕನ ಮುಖವಲ್ಲ, ನಾಯಕನ ಪಕ್ಕ ನಿಲ್ಲುವವನ ಮುಖ. ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ (1960), ‘ದಿ ಡರ್ಟಿ ಡಜನ್’ (1967) ಚಿತ್ರಗಳಲ್ಲೂ ಅವರು ಗುಂಪಿನಲ್ಲೊಬ್ಬರು. ಆ ಮುಖದ ಬೆಲೆ ತಿಳಿದವರು ಯುರೋಪಿನವರು. 1968ರಲ್ಲಿ ಇಟಲಿಯ ಸೆರ್ಜಿಯೊ ಲಿಯೋನೆ ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’ನಲ್ಲಿ ಅವರ ಕೈಗೆ ಹಾರ್ಮೋನಿಕಾ ಕೊಟ್ಟರು. ಪಾತ್ರಕ್ಕೆ ಹೆಸರೂ ಇಲ್ಲ, ಮಾತೂ ಕಡಿಮೆ. ಕ್ಯಾಮೆರಾ ಕಣ್ಣಿನ ಹತ್ತಿರ ಹೋಗಿ ಸುಮ್ಮನೆ ನಿಲ್ಲುತ್ತದೆ, ಅವರು ರೆಪ್ಪೆಯನ್ನೂ ಅಲ್ಲಾಡಿಸುವುದಿಲ್ಲ. ಸೇಡಿನ ಕಥೆಯನ್ನೆಲ್ಲ ಆ ನೋಟವೇ ಹೇಳುತ್ತದೆ. ನನ್ನ ಮಟ್ಟಿಗೆ ಅವರ ಅತ್ಯುತ್ತಮ ಅಭಿನಯ ಇದೇ. ಫ್ರಾನ್ಸಿನಲ್ಲಿ ಚಿತ್ರ ಭಾರಿ ಗೆಲುವು ಕಂಡಿತು. ಜಪಾನಿನಲ್ಲಿ ಅವರು ‘ಮ್ಯಾಂಡಮ್’ ಎಂಬ ಪುರುಷರ ಸೌಂದರ್ಯಸಾಧನದ ಜಾಹೀರಾತಿನ ಮುಖವಾದರು.

ತವರಿನಲ್ಲಿ ದೊಡ್ಡ ಹೆಸರು ಬಂದದ್ದು 1974ರಲ್ಲಿ, ಐವತ್ತೆರಡನೇ ವಯಸ್ಸಿನಲ್ಲಿ. ಮೈಕೇಲ್ ವಿನ್ನರ್ ನಿರ್ದೇಶನದ ‘ಡೆತ್ ವಿಶ್’ನಲ್ಲಿ ಅವರು ನ್ಯೂಯಾರ್ಕಿನ ಒಬ್ಬ ವಾಸ್ತುಶಿಲ್ಪಿ. ಹೆಂಡತಿಯ ಕೊಲೆಯಾದ ಮೇಲೆ ರಾತ್ರಿ ಬೀದಿಗಿಳಿದು ದರೋಡೆಕೋರರನ್ನು ಗುಂಡಿಕ್ಕಿ ಕೊಲ್ಲುತ್ತಾನೆ. ಆ ನಗರ ಅಪರಾಧಗಳಿಂದ ತತ್ತರಿಸುತ್ತಿದ್ದ ದಿನಗಳವು. ಪ್ರೇಕ್ಷಕರು ಚಪ್ಪಾಳೆ ತಟ್ಟಿದರು, ವಿಮರ್ಶಕರು ಬೆಚ್ಚಿಬಿದ್ದರು. ಕಾನೂನು ಕೈಗೆತ್ತಿಕೊಳ್ಳುವುದರ ಅಪಾಯ ತೋರಿಸಲು ಮೂಲ ಕಾದಂಬರಿ ಬರೆದಿದ್ದ ಬ್ರಯಾನ್ ಗಾರ್ಫೀಲ್ಡ್‌ಗೆ ಈ ಚಿತ್ರ ಹಿಡಿಸಲಿಲ್ಲ. 1994ರೊಳಗೆ ಇನ್ನೂ ನಾಲ್ಕು ಭಾಗಗಳು ಬಂದವು. ಹೆಣಗಳ ಲೆಕ್ಕ ಏರಿತು, ಪಾತ್ರ ಬಡವಾಯಿತು. ಮೌನದಲ್ಲೇ ಇಷ್ಟು ಹೇಳಬಲ್ಲ ನಟನನ್ನು ಬರೀ ಗುಂಡು ಹಾರಿಸಲು ದುಡಿಸಿಕೊಂಡದ್ದು ನನಗೆ ಇಂದಿಗೂ ನೋವಿನ ಸಂಗತಿ.

ಪತ್ನಿ, ನಟಿ ಜಿಲ್ ಐರ್ಲೆಂಡ್ ಅವರ ಪರಿಚಯವಾದದ್ದು ಆ ಸುರಂಗದ ಚಿತ್ರದ ಕಾಲದಲ್ಲೇ. 1968ರಲ್ಲಿ ಮದುವೆಯಾಗಿ, ಹಲವು ಚಿತ್ರಗಳಲ್ಲಿ ಜೊತೆಯಾಗಿ ನಟಿಸಿದರು. 1990ರಲ್ಲಿ ಆಕೆ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ಮರುವರ್ಷ ಷಾನ್ ಪೆನ್ ನಿರ್ದೇಶಿಸಿದ ‘ದಿ ಇಂಡಿಯನ್ ರನ್ನರ್’ನಲ್ಲಿ ಬ್ರಾನ್ಸನ್ ಹೆಂಡತಿಯನ್ನು ಕಳೆದುಕೊಂಡ ಮುದಿ ತಂದೆಯಾದರು. ಪಿಸ್ತೂಲಿನ ಶೌರ್ಯವಿಲ್ಲ, ಸೇಡಿಲ್ಲ. ಮುಂದೆ ಹೇಗೆ ಬದುಕುವುದೆಂದು ತೋಚದೆ ಕೂತ ಒಬ್ಬ ಮುದುಕ. 2003ರ ಆಗಸ್ಟ್ 30ರಂದು, 81ರ ಹರೆಯದಲ್ಲಿ ಅವರು ತೀರಿಕೊಂಡಾಗ ಜನ ನೆನೆದದ್ದು ಪಿಸ್ತೂಲಿನವನನ್ನು. ನನಗೆ ನೆನಪಾಗುವುದು ಈ ತಂದೆ, ಮತ್ತು ಸುರಂಗದ ಬಾಯಲ್ಲಿ ನಡುಗುತ್ತಿದ್ದ ಆ ಡ್ಯಾನಿ.