ದೊಡ್ಡ ನಾಯಕಿಯರೆಲ್ಲ ಯಾರದೋ ಹೆಂಡತಿ, ಯಾರದೋ ಮಗಳು: ನಿಜಾನಾ?

ಓದುಗರ ಪ್ರಶ್ನೆ: ಇಂದಿರಾ ಗಾಂಧಿ ನೆಹರೂ ಮಗಳು. ಬೆನಜೀರ್ ಭುಟ್ಟೋ ಕೂಡ ಪ್ರಧಾನಿಯ ಮಗಳು. ಶ್ರೀಲಂಕಾದ ಸಿರಿಮಾವೊ ಬಂಡಾರನಾಯಕೆ ಪ್ರಧಾನಿಯ ಹೆಂಡತಿ. ಶೇಖ್ ಹಸೀನಾ, ಖಾಲಿದಾ ಜಿಯಾ ಕಥೆಯೂ ಅದೇ. ಹಾಗಾದರೆ ರಾಜಕೀಯದಲ್ಲಿ ಹೆಣ್ಣುಮಕ್ಕಳು ಸ್ವಂತ ಬಲದ ಮೇಲೆ ಬಂದದ್ದು ಇದೆಯಾ? ಎಲ್ಲ ಮನೆತನದ ಹೆಸರಿನ ಮಹಿಮೆ ತಾನೇ?

ಉತ್ತರ: ನೀವು ಕೊಟ್ಟ ಪಟ್ಟಿಯಲ್ಲಿ ಒಂದು ಹೆಸರೂ ತಪ್ಪಿಲ್ಲ. ಇನ್ನೂ ಉದ್ದ ಮಾಡಬಹುದು. ಫಿಲಿಪ್ಪೀನ್ಸ್‌ನ ಕೊರಾಜಾನ್ ಅಕಿನೊ, ಇಂಡೋನೇಷ್ಯಾದ ಮೇಗಾವತಿ, ದಕ್ಷಿಣ ಕೊರಿಯಾದ ಪಾರ್ಕ್ ಗುನ್ ಹೇ, ಎಲ್ಲರೂ ಸೇರುತ್ತಾರೆ. ಅಂದರೆ ಮನೆತನದಿಂದ ಬಂದವರು ಬಹಳ ಜನ ಇದ್ದಾರೆ, ಅದರಲ್ಲೂ ಏಷ್ಯಾದಲ್ಲಿ. ಆದರೆ ‘ಮನೆತನದ ಹೆಸರಿತ್ತು, ಅದಕ್ಕೇ ಕುರ್ಚಿ ಸಿಕ್ಕಿತು’ ಅಂದುಬಿಟ್ಟರೆ ಕಥೆಯ ಅರ್ಧ ಭಾಗ ಹಾಗೇ ಉಳಿದುಬಿಡುತ್ತದೆ. ಆ ಕುರ್ಚಿ ಕೊಟ್ಟವರು ಯಾಕೆ ಕೊಟ್ಟರು ಅಂತ ನೋಡಬೇಕಲ್ವಾ?

ಹೆಚ್ಚಿನ ಸಲ ಕೊಟ್ಟದ್ದು, ಈಕೆ ಏನೂ ಮಾಡಲಾರಳು ಅನ್ನೋ ನಂಬಿಕೆಯ ಮೇಲೆ.

ಅಷ್ಟಾಗಿ ಯಾರೂ ಹೇಳದ ಒಂದು ಕಥೆ ಇದೆ. ಅಮೆರಿಕದ ಆರ್ಕನ್ಸಾ ರಾಜ್ಯದ ಸೆನೆಟರ್ ಒಬ್ಬರು 1931ರ ನವೆಂಬರ್‌ನಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ಹೆಂಡತಿ ಹ್ಯಾಟಿ ಕ್ಯಾರವೇಯನ್ನು ನೇಮಿಸಿದರು. ಪಕ್ಷದ ದೊಡ್ಡ ತಲೆಗಳ ಲೆಕ್ಕಾಚಾರ ಸರಳ. ಉಳಿದ ಅವಧಿಯನ್ನು ಆಕೆ ಸುಮ್ನೆ ಕೂತು ಮುಗಿಸಲಿ, ಅಷ್ಟರಲ್ಲಿ ಮುಂದಿನ ಚುನಾವಣೆಗೆ ಯಾರು ಅಂತ ನಾವು ನಾವೇ ಹೊಡೆದಾಡಿ ತೀರ್ಮಾನ ಮಾಡಿಕೊಳ್ಳೋಣ. ವಿಧವೆಗೆ ಗಂಡನ ಕುರ್ಚಿ ಕೊಡುವುದು ಅಲ್ಲಿ ಆಗ ಒಂದು ರೂಢಿ. ಕುರ್ಚಿ ಬೆಚ್ಚಗಿರುತ್ತದೆ, ಜನರ ಅನುಕಂಪವೂ ಸಿಗುತ್ತದೆ. ಹ್ಯಾಟಿ ಸಭೆಯಲ್ಲಿ ಮಾತಾಡುತ್ತಿದ್ದದ್ದೇ ಅಪರೂಪ. ಪತ್ರಿಕೆಯವರು ‘ಮೌನಿ ಹ್ಯಾಟಿ’ ಅಂತ ಹೆಸರಿಟ್ಟಿದ್ದರು.

1932ರ ಮೇ 9ರಂದು ಉಪಾಧ್ಯಕ್ಷರು ಆಕೆಯನ್ನು ಒಂದು ದಿನದ ಮಟ್ಟಿಗೆ ಸೆನೆಟ್‌ನ ಪೀಠದಲ್ಲಿ ಕೂರಲು ಕರೆದರು. ಸೆನೆಟ್ ಕಲಾಪವನ್ನು ಹೆಂಗಸೊಬ್ಬರು ನಡೆಸಿದ್ದು ಅದೇ ಮೊದಲು. ಪತ್ರಕರ್ತರು ಸುತ್ತ ಸೇರಿದರು. ಅವತ್ತೇ ಆಕೆ ಹೇಳಿಬಿಟ್ಟರು: ನಾನು ಚುನಾವಣೆಗೆ ನಿಲ್ಲುತ್ತೇನೆ. ಅರ್ಜಿ ಹಾಕಲು ಉಳಿದದ್ದು ಒಂದೇ ದಿನ! ಪಕ್ಷದೊಳಗಿನ ಸ್ಪರ್ಧೆಯಲ್ಲಿ ಗಂಡಸರ ದಂಡೇ ಇತ್ತು. ಲೂಸಿಯಾನಾದ ಸೆನೆಟರ್ ಹ್ಯುಯಿ ಲಾಂಗ್ ಧ್ವನಿವರ್ಧಕ ಕಟ್ಟಿದ ಲಾರಿಗಳ ಜೊತೆ ಬಂದು, ಒಂದು ವಾರ ರಾಜ್ಯವೆಲ್ಲ ಸುತ್ತಿ ಆಕೆಯ ಪರ ಪ್ರಚಾರ ಮಾಡಿದರು. ಹ್ಯಾಟಿ ಗೆದ್ದರು, 1938ರಲ್ಲಿ ಇನ್ನೊಮ್ಮೆ ಗೆದ್ದರು, 1945ರವರೆಗೂ ಸೆನೆಟ್‌ನಲ್ಲಿದ್ದರು. ಲಾಂಗ್ ಸಹಾಯ ಇಲ್ಲದಿದ್ದರೆ ಗೆಲ್ಲುತ್ತಿದ್ದರಾ ಅಂತ ಕೇಳಬಹುದು. ಕೇಳಿ, ನ್ಯಾಯವಾದ ಪ್ರಶ್ನೆಯೇ. ಆದರೆ ಪ್ರಚಾರಕ್ಕೆ ಬೇರೆಯವರ ಬೆನ್ನು ಹತ್ತದ ಗಂಡಸು ಯಾರಿದ್ದಾರೆ?

ಈಗ ಇಂದಿರಾ ಕಥೆಗೆ ಬನ್ನಿ. ಇಲ್ಲೂ ಒಂದು ಅಡ್ಡಹೆಸರು: ‘ಗೂಂಗಿ ಗುಡಿಯಾ’, ಅಂದರೆ ಮೂಕ ಗೊಂಬೆ. ಹಾಗೆ ಕರೆದವರು ರಾಮಮನೋಹರ ಲೋಹಿಯಾ. ಸಾಗರದಾಚೆಯ ಹ್ಯಾಟಿಗೂ ಇಲ್ಲಿಯ ಇಂದಿರಾಗೂ ಅಂಟಿದ ಬಿರುದು ಹೆಚ್ಚು ಕಡಿಮೆ ಒಂದೇ, ನೋಡಿ. 1966ರ ಜನವರಿಯಲ್ಲಿ ಲಾಲ್ ಬಹಾದೂರ್ ಶಾಸ್ತ್ರಿ ತೀರಿಕೊಂಡಾಗ ಕಾಂಗ್ರೆಸ್‌ನ ಹಿರಿಯರ ಗುಂಪಿಗೆ ಮೊರಾರ್ಜಿ ದೇಸಾಯಿಯನ್ನು ತಡೆಯಬೇಕಿತ್ತು. ಮೊರಾರ್ಜಿ ಹೇಳಿದ ಮಾತು ಕೇಳುವ ಪೈಕಿ ಅಲ್ಲ. ನೆಹರೂ ಮಗಳಾದರೆ ಹೆಸರು ಇದೆ, ಸ್ವಂತ ಗುಂಪು ಇಲ್ಲ. ಸಂಸದೀಯ ಪಕ್ಷದ ಮತದಾನದಲ್ಲಿ ಇಂದಿರಾಗೆ 355, ಮೊರಾರ್ಜಿಗೆ 169.

ಮೂರೂವರೆ ವರ್ಷ ಕಳೆಯಿತು. 1969ರ ಜುಲೈನಲ್ಲಿ ಕಾಂಗ್ರೆಸ್‌ನ ಸಭೆ ಬೆಂಗಳೂರಿನಲ್ಲಿ ಸೇರಿತು. ಇಂದಿರಾಗೆ ಬೇಡವಾಗಿದ್ದ ನೀಲಂ ಸಂಜೀವ ರೆಡ್ಡಿಯವರನ್ನೇ ಹಿರಿಯರು ರಾಷ್ಟ್ರಪತಿ ಚುನಾವಣೆಗೆ ಆರಿಸಿದರು. ದೆಹಲಿಗೆ ವಾಪಸ್ ಹೋದ ಇಂದಿರಾ ಮೊರಾರ್ಜಿ ಕೈಯಿಂದ ಹಣಕಾಸು ಖಾತೆ ಕಿತ್ತುಕೊಂಡರು. ಜುಲೈ 19ಕ್ಕೆ 14 ಬ್ಯಾಂಕುಗಳು ಸರ್ಕಾರದ ಪಾಲಾದವು. ಆಗಸ್ಟ್‌ನಲ್ಲಿ ಸಂಜೀವ ರೆಡ್ಡಿ ಸೋತು ವಿ.ವಿ. ಗಿರಿ ಗೆದ್ದರು. ನವೆಂಬರ್‌ನಲ್ಲಿ ಪಕ್ಷದ ಅಧ್ಯಕ್ಷರಾಗಿದ್ದ ನಮ್ಮ ನಿಜಲಿಂಗಪ್ಪನವರು ಇಂದಿರಾರನ್ನು ಪಕ್ಷದಿಂದಲೇ ಹೊರಹಾಕಿದರು. ಪಕ್ಷ ಎರಡಾಯಿತು. 1971ರ ಚುನಾವಣೆಯಲ್ಲಿ ಇಂದಿರಾ ಬಣಕ್ಕೆ 352 ಸೀಟು ಬಂತು. ಗೊಂಬೆ ತಂದು ಕೂರಿಸಿದವರೆಲ್ಲ ಮೂಲೆ ಸೇರಿದರು. ಬಲ ಇದ್ದ ಮಾತ್ರಕ್ಕೆ ಮಾಡಿದ್ದೆಲ್ಲ ಒಳ್ಳೆಯದು ಅಂತಲ್ಲ. ಅದೇ ಬಲ ನಾಲ್ಕು ವರ್ಷದ ನಂತರ ತುರ್ತು ಪರಿಸ್ಥಿತಿಯನ್ನೂ ತಂದಿತು. ಆದರೆ 1971ರ ಗೆಲುವನ್ನು ಅಪ್ಪನ ಲೆಕ್ಕಕ್ಕೆ ಬರೆಯಲು ನನಗಂತೂ ಮನಸ್ಸಾಗುವುದಿಲ್ಲ. ಅಪ್ಪನ ಕಾಲದ ಪಕ್ಷದ ಹಿರಿಯರ ಗುಂಪು ಎದುರು ಪಾಳೆಯದಲ್ಲಿತ್ತು.

ಸಿರಿಮಾವೊ ಕಥೆಯನ್ನೂ ಸ್ವಲ್ಪ ನೋಡೋಣ. ಗಂಡನಿಗೆ ಗುಂಡು ಹೊಡೆದದ್ದು 1959ರ ಸೆಪ್ಟೆಂಬರ್‌ನಲ್ಲಿ. 1960ರ ಜುಲೈ 21ರಂದು ಆಕೆ ಜಗತ್ತಿನ ಮೊದಲ ಮಹಿಳಾ ಪ್ರಧಾನಿಯಾದರು. ಆಗ ಅವರು ಚುನಾವಣೆಗೇ ನಿಂತಿರಲಿಲ್ಲ, ಅಲ್ಲಿಯ ಮೇಲ್ಮನೆಯಾದ ಸೆನೆಟ್ ಮೂಲಕ ಸಂಸತ್ತಿಗೆ ಬಂದರು. ಅನುಕಂಪದ ಅಲೆ ಅಂದರೆ ಅನುಕಂಪದ ಅಲೆಯೇ. ಆದರೆ 1965ರಲ್ಲಿ ಸೋತು, 1970ರಲ್ಲಿ ಮತ್ತೆ ಗೆದ್ದು ಬಂದರಲ್ಲ, ಅನುಕಂಪ ಹನ್ನೊಂದು ವರ್ಷ ಉಳಿಯುತ್ತದಾ?

ಇನ್ನೊಂದು ಸಂಗತಿ. ಈ ಪ್ರಶ್ನೆಯನ್ನು ಗಂಡಸರ ಬಗ್ಗೆ ಯಾರೂ ಕೇಳುವುದಿಲ್ಲ. ಜಪಾನಿನ ಶಿಂಜೊ ಅಬೆಯ ಅಜ್ಜ ಪ್ರಧಾನಿ. ಸಿಂಗಾಪುರದ ಲೀ ಸಿಯೆನ್ ಲೂಂಗ್, ಕೆನಡಾದ ಜಸ್ಟಿನ್ ಟ್ರೂಡೊ, ನಮ್ಮ ರಾಜೀವ್ ಗಾಂಧಿ, ಎಲ್ಲರದೂ ಪ್ರಧಾನಿಯ ಮನೆ. ಕಿರಿಯ ಬುಷ್ ಅವರ ಅಪ್ಪ ಅಧ್ಯಕ್ಷರು. ಇವರನ್ನು ವಂಶಾಡಳಿತ ಅಂತ ಬೈಯುತ್ತೇವೆ, ಸರಿ. ಆದರೆ ‘ಹಾಗಾದರೆ ಗಂಡಸರು ಸ್ವಂತ ಬಲದಿಂದ ಬರುವುದೇ ಇಲ್ವಾ’ ಅಂತ ಯಾರ ಬಾಯಲ್ಲೂ ಬರುವುದಿಲ್ಲ. ಮನೆತನ ಇಲ್ಲದ ಗಂಡಸರು ಕಣ್ಣಿಗೆ ಸಾಕಷ್ಟು ಬೀಳುತ್ತಾರೆ, ಅದಕ್ಕೆ. ಹೆಂಗಸರ ವಿಷಯದಲ್ಲಿ ಬೇರೆ ಬಾಗಿಲುಗಳಿಗೆ ಅಗುಳಿ ಹಾಕಿತ್ತು. ತೆರೆದಿದ್ದ ಒಂದೇ ಬಾಗಿಲಿನಿಂದ ಬಂದವರನ್ನು ನೋಡಿ, ಇವರಿಗೆ ಬೇರೆ ದಾರಿಯೇ ಗೊತ್ತಿಲ್ಲ ಅಂದುಕೊಂಡೆವು.

ಮನೆತನ ಇಲ್ಲದವರು ಯಾರು? ನೀವು ಬಹುಶಃ ಇದಕ್ಕೇ ಕಾಯುತ್ತಿದ್ದೀರಿ. ಉತ್ತರ ಪ್ರದೇಶದ ಮಾಯಾವತಿ ಅಂಚೆ ಇಲಾಖೆ ನೌಕರರ ಮಗಳು. 1995ರಲ್ಲಿ ಮುಖ್ಯಮಂತ್ರಿಯಾದಾಗ ದೇಶದಲ್ಲಿ ಆ ಕುರ್ಚಿ ಹಿಡಿದ ಮೊದಲ ದಲಿತ ಮಹಿಳೆ. ಮಮತಾ ಬ್ಯಾನರ್ಜಿ 2011ರಲ್ಲಿ ಬಂಗಾಳದಲ್ಲಿ 34 ವರ್ಷದ ಎಡರಂಗದ ಆಡಳಿತ ಮುಗಿಸಿದರು, ಅವರ ಹಿಂದೆಯೂ ಮನೆತನ ಇಲ್ಲ. ಲೈಬೀರಿಯಾದ ಎಲೆನ್ ಜಾನ್ಸನ್ ಸರ್ಲೀಫ್ ಜೈಲು ಕಂಡು ಬಂದವರು. 2005ರ ಚುನಾವಣೆಯಲ್ಲಿ ಫುಟ್‌ಬಾಲ್ ತಾರೆ ಜಾರ್ಜ್ ವೀಯಾರನ್ನು ಸೋಲಿಸಿದರು.

ಜರ್ಮನಿಯ ಏಂಜೆಲಾ ಮರ್ಕೆಲ್ ಬಗ್ಗೆ ಮಾತ್ರ ಎರಡು ಮಾತು ಜಾಸ್ತಿ ಹೇಳಬೇಕು. ಪೂರ್ವ ಜರ್ಮನಿಯಲ್ಲಿ ಬೆಳೆದ ಪಾದ್ರಿಯ ಮಗಳು, ಕ್ವಾಂಟಂ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್. ಬರ್ಲಿನ್ ಗೋಡೆ ಬೀಳುವ ಹೊತ್ತಿಗೆ 35 ವರ್ಷ, ರಾಜಕೀಯಕ್ಕೆ ಹೊಸಬರು. ಮನೆತನದ ಹಂಗೇ ಇಲ್ಲ. ಆದರೂ ಏನಾಯಿತು ಗೊತ್ತಾ? ಆಗಿನ ಚಾನ್ಸಲರ್ (ಅಂದರೆ ಅಲ್ಲಿಯ ಪ್ರಧಾನಿ) ಹೆಲ್ಮುಟ್ ಕೋಲ್ ಮಂತ್ರಿ ಮಾಡಿದ ಕಾರಣಕ್ಕೆ ‘ಕೋಲ್ ಅವರ ಹುಡುಗಿ’ ಅಂತ ಕರೆದರು. ಅಪ್ಪ, ಗಂಡ ಸಿಗದಿದ್ದರೆ ಬೇರೊಬ್ಬ ಗಂಡಸಿನ ಹೆಸರಿಗೆ ಕಟ್ಟುವುದು! ಪಕ್ಷದ ದೇಣಿಗೆ ಹಗರಣದಲ್ಲಿ ಕೋಲ್ ಸಿಕ್ಕಿಬಿದ್ದಾಗ, 1999ರ ಡಿಸೆಂಬರ್ 22ರಂದು ಆ ಹುಡುಗಿ ಒಂದು ದೊಡ್ಡ ಪತ್ರಿಕೆಯಲ್ಲಿ ಲೇಖನ ಬರೆದರು. ಪಕ್ಷ ಇನ್ನು ಕೋಲ್ ಇಲ್ಲದೆ ನಡೆಯುವುದನ್ನು ಕಲಿಯಬೇಕು ಅನ್ನುವುದು ಅದರ ಸಾರ. ನಾಲ್ಕು ತಿಂಗಳಲ್ಲಿ ಪಕ್ಷದ ಅಧ್ಯಕ್ಷೆ, 2005ರಿಂದ 16 ವರ್ಷ ಚಾನ್ಸಲರ್.

ಬಾಗಿಲಿನ ಮಾತು ಬಂತಲ್ಲ, ಅದು ಇರುವುದು ಟಿಕೆಟ್ ಹಂಚುವ ಕೋಣೆಯಲ್ಲಿ. ಒಂದು ಕ್ಷೇತ್ರಕ್ಕೆ ಒಬ್ಬರೇ ಅಭ್ಯರ್ಥಿ ಅಂದಾಗ ಪಕ್ಷಗಳು ‘ಗೆಲ್ಲುವ ಕುದುರೆ’ ಹುಡುಕುತ್ತವೆ. ದುಡ್ಡು, ಜನಬಲ, ಗೊತ್ತಿರುವ ಹೆಸರು ಬೇಕು. ಹೆಂಗಸರಲ್ಲಿ ಆ ಮೂರೂ ಇರುವವರು ಯಾರು? ಮತ್ತೆ ರಾಜಕಾರಣಿಯ ಮನೆಯವರೇ. ಅಭ್ಯರ್ಥಿಗಳ ಪಟ್ಟಿಗೆ ಮತ ಹಾಕುವ ದೇಶಗಳಲ್ಲಿ ಕಾನೂನು ಇಲ್ಲಿಗೇ ಕೈ ಹಾಕಬಹುದು. ಪಟ್ಟಿಯಲ್ಲಿ ಇಷ್ಟು ಮಹಿಳೆಯರು ಇರಲೇಬೇಕು ಅಂತ 1991ರಲ್ಲಿ ಅರ್ಜೆಂಟೀನಾ ಕಾನೂನು ಮಾಡಿತು, ಕನಿಷ್ಠ ಶೇ 30. ರುವಾಂಡಾ 80 ಸೀಟಿನ ಸದನದಲ್ಲಿ 24 ಸೀಟು ಮಹಿಳೆಯರಿಗೆ ಮೀಸಲಿಟ್ಟಿತು. 2008ರ ಚುನಾವಣೆ ಮುಗಿದಾಗ ಅಲ್ಲಿ ಇದ್ದ ಮಹಿಳೆಯರು 45 ಜನ. ಇವರೆಲ್ಲರಿಗೂ ಅಷ್ಟು ಅಪ್ಪಂದಿರು ಪ್ರಧಾನಿಗಳಾಗಿರಲು ಸಾಧ್ಯವಿಲ್ಲವಲ್ಲ! ಹಾಗಂತ ಸೀಟು ಬಂದರೆ ಅಧಿಕಾರವೂ ಬಂತು ಅಂತ ಹಿಗ್ಗಬೇಡಿ. ಅದೇ ರುವಾಂಡಾದಲ್ಲಿ 2000ದಿಂದ ಪೌಲ್ ಕಗಾಮೆ ಒಬ್ಬರೇ ಅಧ್ಯಕ್ಷರು, ದೊಡ್ಡ ನಿರ್ಧಾರಗಳೆಲ್ಲ ಅವರ ಕೈಯಲ್ಲೇ.

‘ಹೆಂಡತಿಯೂ ಅಲ್ಲ, ಮಗಳೂ ಅಲ್ಲ’ ಅನ್ನುವಂಥ ಒಂದೇ ಹೆಸರು ಕೊಡಿ ಅಂದರೆ ನಾನು ಐಸ್‌ಲ್ಯಾಂಡ್‌ನ ವಿಗ್ದಿಸ್ ಫಿನ್‌ಬೋಗಾದೋತ್ತಿರ್ ಹೆಸರು ಹೇಳುತ್ತೇನೆ. 1975ರ ಅಕ್ಟೋಬರ್ 24ರಂದು ಅಲ್ಲಿಯ ಶೇ 90ರಷ್ಟು ಹೆಂಗಸರು ಮನೆಕೆಲಸ, ಕಚೇರಿ ಕೆಲಸ ಎರಡನ್ನೂ ಬಿಟ್ಟು ಬೀದಿಗಿಳಿದರು. ದೇಶ ಒಂದು ದಿನ ನಿಂತುಹೋಯಿತು. ಐದು ವರ್ಷದ ನಂತರ ವಿಗ್ದಿಸ್ ಅಧ್ಯಕ್ಷ ಸ್ಥಾನಕ್ಕೆ ನಿಂತರು. ನಾಟಕ ತಂಡ ನಡೆಸುತ್ತಿದ್ದವರು, ವಿಚ್ಛೇದಿತೆ, ದತ್ತು ಮಗಳನ್ನು ಒಂಟಿಯಾಗಿ ಸಾಕುತ್ತಿದ್ದವರು, ಯಾವ ಪಕ್ಷಕ್ಕೂ ಸೇರದವರು. ಮೂವರು ಗಂಡಸರನ್ನು ಸೋಲಿಸಿದರು. ನೇರ ಚುನಾವಣೆಯಲ್ಲಿ ಗೆದ್ದು ರಾಷ್ಟ್ರದ ಅಧ್ಯಕ್ಷೆಯಾದವರಲ್ಲಿ ಜಗತ್ತಿಗೇ ಮೊದಲಿಗರು. 16 ವರ್ಷ ಆ ಸ್ಥಾನದಲ್ಲಿದ್ದರು.

ತಮಾಷೆ ಏನು ಗೊತ್ತಾ? ಅವರ ಹೆಸರಿನ ಅರ್ಥವೇ ‘ಫಿನ್‌ಬೋಗಿಯ ಮಗಳು’. ಐಸ್‌ಲ್ಯಾಂಡ್‌ನಲ್ಲಿ ಹೆಚ್ಚಿನ ಹೆಂಗಸರ ಹೆಸರು ಹಾಗೇ ಇರುತ್ತದೆ. ಆ ಫಿನ್‌ಬೋಗಿ ಪ್ರಧಾನಿಯಲ್ಲ, ಇಂಜಿನಿಯರ್. ಅಲ್ಲಿಯ ಎರಡನೇ ಮಹಿಳಾ ಅಧ್ಯಕ್ಷೆ ಹಲ್ಲಾ ತೋಮಸ್‌ದೋತ್ತಿರ್, ಅಂದರೆ ತೋಮಸ್‌ನ ಮಗಳು, 2024ರಲ್ಲಿ ಗೆದ್ದರು. ವಿಗ್ದಿಸ್ ಗೆದ್ದ ದಿನ ಆಕೆಗೆ 11 ವರ್ಷ.